ವಾಂತಿ ನಿಲ್ಲಿಸುವ ಇಂಜೆಕ್ಷನ್ ಮತ್ತು ಎದೆಬಡಿತ: ಕ್ಯಾಶುವಾಲ್ಟಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಶುವಾಲ್ಟಿಯಲ್ಲಿ ದಿನವಿಡೀ ಒಡೆಯುವ ಆಂಪ್ಯೂಲ್‌ಗಳಲ್ಲಿ ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಒಂದು. ಎಮೆಸೆಟ್, ಒಂಡೆಮ್, ವೊಮಿಕೈಂಡ್, ಪೆರಿಸೆಟ್... ಹೆಸರು ಯಾವುದಾದರೂ ಒಳಗಿರುವುದು ಅದೇ. ರೋಗಿಗಳ ಮನೆಯವರು, ಸಿಸ್ಟರ್‌ಗಳು, ಹೊಸದಾಗಿ ಡ್ಯೂಟಿಗೆ ಬಂದ ಹೌಸ್ ಸರ್ಜನ್‌ಗಳು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ಮೊದಲ ಭಾಗ ಎಲ್ಲರಿಗೂ. ಎರಡನೆಯದು ಡ್ಯೂಟಿಯಲ್ಲಿರುವವರಿಗೆ. ಅದರಲ್ಲಿರುವ ಡೋಸ್ ನೋಡಿ ಮನೆಯಲ್ಲಿ ಪ್ರಯೋಗ ಮಾಡಬೇಡಿ.

## ಮನೆಯವರು ಕೇಳುವವು

"ವಾಂತಿಗೆ ಹಾಕೋ ಇಂಜೆಕ್ಷನ್ ಹಾರ್ಟಿಗೆ ಕೆಟ್ಟದ್ದಂತೆ, ನಿಜಾನಾ ಡಾಕ್ಟ್ರೇ?"

ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಒಂಡಾನ್ಸೆಟ್ರಾನ್ ರಕ್ತನಾಳ ಕಟ್ಟುವುದಿಲ್ಲ, ಹೃದಯದ ಸ್ನಾಯುವನ್ನು ಹಾಳು ಮಾಡುವುದಿಲ್ಲ. ಬಡಿತದ ಹಿಂದೆ ಓಡುವ ಕರೆಂಟಿನಲ್ಲಿ ಒಂದು ಸಣ್ಣ ತಡ ಮಾಡುತ್ತದೆ, ಅಷ್ಟೇ. ಗಟ್ಟಿಮುಟ್ಟಾಗಿರುವವರಿಗೆ ಆ ತಡ ಗೊತ್ತೂ ಆಗುವುದಿಲ್ಲ.

ತೊಂದರೆ ಬರುವುದು ಬೇರೆ ಕಾರಣಗಳಿಂದ ಆಗಲೇ ತಡ ಇರುವವರಲ್ಲಿ. ಪೊಟ್ಯಾಸಿಯಂ ಇಳಿದಿದೆ, ಇಂಥದೇ ಗುಣದ ಇನ್ನೆರಡು ಮಾತ್ರೆ ನಡೆಯುತ್ತಿದೆ, ವಯಸ್ಸಾಗಿದೆ, ಹಾರ್ಟ್ ಫೇಲ್ಯೂರ್ ಇದೆ ಅಂದಾಗ ಸಣ್ಣ ಸಣ್ಣ ತಡಗಳೆಲ್ಲ ಕೂಡಿಕೊಳ್ಳುತ್ತವೆ. ಅದಕ್ಕೇ ಯಾವ ಇಂಜೆಕ್ಷನ್ ಅನ್ನುವುದಕ್ಕಿಂತ ಮೊದಲು ವಾಂತಿ ಮಾಡುತ್ತಿರುವವರು ಯಾರು ಅಂತ ನೋಡಬೇಕು. ಮುಂದಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಇದೇ ಮಾತಿನ ಸುತ್ತಲೇ ಇವೆ.

"ಈ ಕ್ಯೂಟಿ ಕ್ಯೂಟಿ ಅಂತೀರಲ್ಲ, ಅದೇನು ಸ್ವಲ್ಪ ಬಿಡಿಸಿ ಹೇಳಿ"

ಇಸಿಜಿ ಕಾಗದ ಕೈಗೆ ತಗೊಳ್ಳಿ. ಪ್ರತಿ ಬಡಿತಕ್ಕೂ ಒಂದು ಚೂಪು ಗೆರೆ ಏಳುತ್ತದೆ, ಅದರ ಹಿಂದೆ ಒಂದು ದುಂಡನೆ ದಿಬ್ಬ ಬರುತ್ತದೆ. ಚೂಪು ಗೆರೆ ಶುರುವಾದಲ್ಲಿಂದ ದಿಬ್ಬ ಇಳಿದು ಮುಗಿಯುವ ತನಕದ ಸಮಯವೇ ಕ್ಯೂಟಿ. ಕಾಗದದ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ಬಡಿತ ಜೋರಾದರೆ ಕ್ಯೂಟಿ ತಾನಾಗಿಯೇ ಚಿಕ್ಕದಾಗುತ್ತದೆ. ಅದನ್ನು ಸರಿದೂಗಿಸಿ ಲೆಕ್ಕ ಹಾಕಿದ್ದು ಕ್ಯೂಟಿಸಿ. ಸುಮಾರಾಗಿ ಗಂಡಸರಿಗೆ 450, ಹೆಂಗಸರಿಗೆ 460 ಮಿಲಿಸೆಕೆಂಡ್ ತನಕ ಸರಿ. 500 ದಾಟಿದರೆ ನಮ್ಮ ಮುಖ ಗಂಭೀರವಾಗುತ್ತದೆ.

ಆ ದಿಬ್ಬದ ಹೊತ್ತಿನಲ್ಲಿ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಹೊರಗೆ ಹಾಕಿ ಮುಂದಿನ ಬಡಿತಕ್ಕೆ ತಯಾರಾಗುತ್ತವೆ. ಒಂಡಾನ್ಸೆಟ್ರಾನ್, ಡಾಂಪೆರಿಡೋನ್, ಡ್ರೋಪೆರಿಡಾಲ್, ಹ್ಯಾಲೊಪೆರಿಡಾಲ್ ಎಲ್ಲವೂ ಪೊಟ್ಯಾಸಿಯಂ ಹೊರಹೋಗುವ ಒಂದೇ ಬಾಗಿಲನ್ನು ಅರೆಮುಚ್ಚುತ್ತವೆ. ಆಗ ತಯಾರಿ ತಡವಾಗುತ್ತದೆ. ಕಣ ಗುಡಿಸಿ ಮುಗಿಯುವ ಮುಂಚೆಯೇ ಇನ್ನೊಂದು ಗಾಡಿ ಹುಲ್ಲು ತಂದು ಸುರಿದ ಹಾಗೆ, ತಯಾರಿ ಮುಗಿಯುವ ಮೊದಲೇ ಒಂದು ಬಡಿತ ಬಂದು ಬಿದ್ದರೆ ಲಯ ಕೆಡುತ್ತದೆ. ಹಾಗೆ ಕೆಟ್ಟ ಒಂದು ಬಗೆಗೆ ಟಾರ್ಸಾಡ್ ಡಿ ಪಾಯಿಂಟ್ ಅಂತ ಹೆಸರು. ಫ್ರಾನ್ಸಿನ ಡೆಸ್ಸರ್ಟೆನ್ 1966ರಲ್ಲಿ ಅದನ್ನು ವಿವರಿಸಿದರು. ಎಷ್ಟೋ ಸಲ ಕೆಲವು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತದೆ, ರೋಗಿ ತಲೆ ಸುತ್ತಿ ಬಿದ್ದು ಏಳುತ್ತಾರೆ. ನಿಲ್ಲದಿದ್ದರೆ ಹೃದಯವೇ ನಿಂತುಹೋಗಬಹುದು.

"ಅಮ್ಮನಿಗೆ ಬರೀ ವಾಂತಿ. ಅದಕ್ಕೆ ಇಸಿಜಿ ಯಾಕೆ? ಸುಮ್ನೆ ಬಿಲ್ ಏರಿಸೋಕಾ?"

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಕೋಪವಿಲ್ಲ. ಆದರೆ ಇಲ್ಲಿ ಇಸಿಜಿಗೆ ಎರಡು ಕಾರಣ ಇವೆ. ಎರಡೂ ದೊಡ್ಡವು.

ಮೊದಲನೆಯದು, ವಾಂತಿಯೇ ಹಾರ್ಟ್ ಅಟ್ಯಾಕಿನ ಲಕ್ಷಣ ಆಗಿರಬಹುದು. ಹೃದಯದ ಕೆಳಭಾಗದ ಗೋಡೆಗೆ ರಕ್ತ ನಿಂತಾಗ ವಾಂತಿ, ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಬರುತ್ತದೆ. ಷುಗರ್ ಇರುವವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಎದೆನೋವು ಇಲ್ಲದೆಯೂ ಇಷ್ಟೇ ಕಾಣಿಸಬಹುದು. "ಗ್ಯಾಸ್ಟ್ರಿಕ್ ಡಾಕ್ಟ್ರೇ" ಅಂತ ಬಂದವರ ಇಸಿಜಿಯಲ್ಲಿ ಅಟ್ಯಾಕ್ ಕಾಣುವುದು ನಮಗೆ ಹೊಸದಲ್ಲ. ಎರಡನೆಯದು ಕ್ಯೂಟಿ. ಎರಡು ದಿನ ವಾಂತಿ ಭೇದಿ ಆದವರ ಪೊಟ್ಯಾಸಿಯಂ ಇಳಿದಿರುತ್ತದೆ. ರಕ್ತದ ರಿಪೋರ್ಟ್ ಬರಲು ಹೊತ್ತು ಬೇಕು, ಇಸಿಜಿ ಐದು ನಿಮಿಷದ ಕೆಲಸ.

ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ. ದುಡ್ಡಿನ ಚಿಂತೆ ಇದ್ದರೆ ಅಲ್ಲಿ ಕೇಳಿ.

"ಮಗುವಿಗೆ ವಾಂತಿ ಸಿರಪ್ ಬರೆದುಕೊಟ್ಟಿದ್ದಾರೆ. ಹಾರ್ಟ್ ವಿಷಯ ಕೇಳಿ ಭಯ ಆಗ್ತಿದೆ, ಕೊಡ್ಲಾ ಬೇಡ್ವಾ?"

ಡಾಕ್ಟರ್ ತೂಕ ನೋಡಿ ಬರೆದುಕೊಟ್ಟಿದ್ದರೆ ಕೊಡಿ. ಒಂಡಾನ್ಸೆಟ್ರಾನ್ ಕೊಟ್ಟ ಮೇಲೆ ಲಯ ಕೆಟ್ಟ ವರದಿಗಳನ್ನೆಲ್ಲ ಕಲೆಹಾಕಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬಾಯಿಂದ ಒಂದೇ ಡೋಸ್ ಕೊಟ್ಟು ಲಯ ಕೆಟ್ಟ ಒಂದು ಪ್ರಕರಣವೂ ಅದರಲ್ಲಿ ಸಿಗಲಿಲ್ಲ. ಬಹುಪಾಲು ವರದಿಗಳು ರಕ್ತನಾಳಕ್ಕೆ ಹಾಕಿದ ಇಂಜೆಕ್ಷನ್‌ನವು. ಲಾಭವೂ ಸಣ್ಣದಲ್ಲ. 2006ರಲ್ಲಿ ಪ್ರಕಟವಾದ 215 ಮಕ್ಕಳ ಅಧ್ಯಯನದಲ್ಲಿ, ಒಂಡಾನ್ಸೆಟ್ರಾನ್ ಕೊಟ್ಟ ಮಕ್ಕಳಲ್ಲಿ ಓಆರ್‌ಎಸ್ ಕುಡಿಸುವಾಗ ವಾಂತಿ ಮಾಡಿದವರು ನೂರಕ್ಕೆ 14. ಕೊಡದವರಲ್ಲಿ 35.

ಮುಖ್ಯ ಔಷಧಿ ಓಆರ್‌ಎಸ್. ಸಿರಪ್ ಇರುವುದು ಆ ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲಲಿ ಅಂತ. ಹೋದ ಸಲದ ಬಾಟಲಿ ಉಳಿದಿದೆ ಅಂತ ಅಂದಾಜಿನ ಮೇಲೆ ಮೂರು ದಿನ ಕುಡಿಸಬೇಡಿ.

ಒಂದು ವಿಷಯ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ: ಮಗು ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಎಚ್ಚರ ತಪ್ಪಿದ್ದುಂಟಾ? ಮನೆತನದಲ್ಲಿ ಚಿಕ್ಕ ವಯಸ್ಸಿನವರು ಯಾರಾದರೂ ಕಾರಣವಿಲ್ಲದೆ ಹಠಾತ್ತನೆ ತೀರಿಕೊಂಡಿದ್ದಾರಾ? ಹುಟ್ಟಿನಿಂದಲೇ ಕ್ಯೂಟಿ ಉದ್ದ ಇರುವ ಕುಟುಂಬಗಳಿವೆ. ಅವರಿಗೆ ಈ ಔಷಧಿ ಬೇಡ.

"ಗ್ಯಾಸ್ಟ್ರಿಕ್‌ಗೆ ಪ್ಯಾನ್-ಡಿ ಎಷ್ಟೋ ವರ್ಷದಿಂದ ನುಂಗ್ತಿದ್ದೀನಿ. ಅದರಲ್ಲೂ ಇದೇ ಸಮಸ್ಯೆನಾ?"

ಇದೆ. ಇಂಜೆಕ್ಷನ್‌ಗಿಂತ ಇದರ ಬಗ್ಗೆಯೇ ಜಾಸ್ತಿ ಮಾತಾಡಬೇಕು ಅಂತ ನನ್ನ ಅಭಿಪ್ರಾಯ.

ಹೆಸರಿನ ಕೊನೆಯಲ್ಲಿರುವ "ಡಿ" ಅಂದರೆ ಡಾಂಪೆರಿಡೋನ್. ಇದರ ಇಂಜೆಕ್ಷನ್ ರೂಪ 1980ರ ದಶಕದಲ್ಲೇ ಹೃದಯ ನಿಂತ ಪ್ರಕರಣಗಳಿಂದಾಗಿ ವಾಪಸಾಯಿತು. ಅಮೆರಿಕದಲ್ಲಿ ಮಾತ್ರೆಗೂ ಒಪ್ಪಿಗೆ ಸಿಗಲಿಲ್ಲ. ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಕಟ್ಟುನಿಟ್ಟು ಮಾಡಿತು: ವಾಂತಿ, ವಾಕರಿಕೆಗೆ ಮಾತ್ರ, 10 ಮಿಲಿಗ್ರಾಂನಂತೆ ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು. ಎದೆಯುರಿ, ಹೊಟ್ಟೆಯುಬ್ಬರಕ್ಕೆ ಬೇಡ ಅಂತಲೇ ಹೇಳಿತು. ನಮ್ಮಲ್ಲಿ ಅದು ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ಮಾತ್ರೆ. ಒಂದು ಕ್ಯಾಪ್ಸೂಲ್‌ನಲ್ಲಿ ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಇರುತ್ತದೆ.

ಜೊತೆಗಿರುವ ಪ್ಯಾಂಟೊಪ್ರಜೋಲ್ ಕೂಡ ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಇದನ್ನು ಎಚ್ಚರಿಸಿತ್ತು. ಮೆಗ್ನೀಸಿಯಂ ಕಡಿಮೆಯಾದರೆ ಕ್ಯೂಟಿ ಇನ್ನೂ ಉದ್ದವಾಗುತ್ತದೆ. ಅಂದರೆ ಒಂದೇ ಕ್ಯಾಪ್ಸೂಲ್ ಎರಡು ಕಡೆಯಿಂದ ಎಳೆಯುತ್ತಿದೆ. ಇದೇ ಥರ ಹೊಟ್ಟೆಗೆ ಅಂತ ಕೊಡುತ್ತಿದ್ದ ಸಿಸಾಪ್ರೈಡ್ ಅಮೆರಿಕದ ಮಾರುಕಟ್ಟೆಯಿಂದ 2000ದಲ್ಲಿ ಹೋಯಿತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಇವತ್ತೇ ಎಸೆದುಬಿಡಿ ಅಂತ ಹೇಳುತ್ತಿಲ್ಲ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ "ನನಗೆ ಈ ಡಿ ಇನ್ನೂ ಬೇಕಾ?" ಅಂತ ಕೇಳಿ.

"ಬೇರೆ ಯಾವ ಮಾತ್ರೆ ತಗೋತಿದ್ರೆ ಮೊದಲೇ ಹೇಳಬೇಕು?"

ಎಲ್ಲವನ್ನೂ. ಹೆಸರು ನೆನಪಿಡುವ ಕಷ್ಟ ಬೇಡ, ಮನೆಯಲ್ಲಿರುವ ಮಾತ್ರೆಗಳ ಕವರನ್ನೇ ತನ್ನಿ.

ಅಂಥ ಒಂದು ಕವರ್ ಟೇಬಲ್ ಮೇಲೆ ಸುರಿದರೆ ಏನು ಸಿಗುತ್ತದೆ ನೋಡಿ. ಕಾಲು ಊತಕ್ಕೆ ಲ್ಯಾಸಿಕ್ಸ್, ಅಂದರೆ ನೀರು ಮಾತ್ರೆ: ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಇಳಿಸುತ್ತದೆ. ಕೆಮ್ಮಿಗೆ ಪಕ್ಕದ ಕ್ಲಿನಿಕ್ ಕೊಟ್ಟ ಅಜಿತ್ರೊಮೈಸಿನ್: ಕ್ಯೂಟಿ ಉದ್ದ ಮಾಡುತ್ತದೆ. ಚರ್ಮದ ತುರಿಕೆಗೆ ಫ್ಲುಕೊನಜೋಲ್: ಅದೂ ಅಷ್ಟೇ. ನಿದ್ದೆ ಬರಲ್ಲ, ಬೇಜಾರು ಅಂದಿದ್ದಕ್ಕೆ ಎಸ್‌ಸಿಟಲೊಪ್ರಾಮ್: ಅದೂ ಅದೇ ಸಾಲಿನದು. ಒಂದೊಂದನ್ನೂ ಒಬ್ಬೊಬ್ಬ ಡಾಕ್ಟರ್ ಒಳ್ಳೆಯ ಕಾರಣಕ್ಕೇ ಬರೆದಿರುತ್ತಾರೆ. ಅಷ್ಟೂ ಒಂದೇ ಮೈಯಲ್ಲಿ ಸೇರಿದ್ದನ್ನು ಯಾರೂ ನೋಡಿರುವುದಿಲ್ಲ. ಈಗ ವಾಂತಿ, ಮೇಲೊಂದು ಒಂಡಾನ್ಸೆಟ್ರಾನ್.

ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಅಮಿಯೊಡಾರೋನ್, ಕ್ಲೋರೊಕ್ವಿನ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಕೂಡ ಈ ಪಟ್ಟಿಯಲ್ಲಿವೆ. ಎಂಡಿಆರ್ ಟಿಬಿ, ಅಂದರೆ ಮಾಮೂಲಿ ಔಷಧಿಗೆ ಬಗ್ಗದ ಟಿಬಿಯ ಚಿಕಿತ್ಸೆಯಲ್ಲಿರುವವರು ಖಂಡಿತ ಹೇಳಬೇಕು. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್, ಕ್ಲೊಫಜಿಮಿನ್ ಮೂರೂ ಕ್ಯೂಟಿ ಎಳೆಯುವವೇ, ಮತ್ತು ಈ ರೋಗಿಗಳಿಗೆ ವಾಂತಿಯೂ ಜಾಸ್ತಿ.

"ಮೂರು ತಿಂಗಳ ಬಸುರಿ. ನೀರು ಕುಡಿದರೂ ವಾಂತಿ. ಏನು ಕೊಡ್ತೀರಿ?"

ಸಾಮಾನ್ಯವಾಗಿ ಮೊದಲು ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಸೇರಿದ ಮಾತ್ರೆ, ನಮ್ಮಲ್ಲಿ ಡಾಕ್ಸಿನೇಟ್ ಅಂತ ಸಿಗುತ್ತದೆ. ಹೇಳಿದಷ್ಟೇ ತಗೊಂಡರೆ ಎದೆಬಡಿತದ ಚಿಂತೆ ಇಲ್ಲ. ವಾರಗಟ್ಟಲೆ ಏನೂ ಉಳಿಯದೆ ಸುಸ್ತಾಗಿ ಬಂದವರ ಮಾತು ಬೇರೆ. ಅವರಿಗೆ ಮೊದಲು ಡ್ರಿಪ್ಸ್, ಥಯಾಮಿನ್ (ವಿಟಮಿನ್ ಬಿ1), ಪೊಟ್ಯಾಸಿಯಂ ಪರೀಕ್ಷೆ. ಒಂಡಾನ್ಸೆಟ್ರಾನ್ ಬೇಕಾದರೆ ಇಸಿಜಿ ನೋಡಿಕೊಂಡು.

## ಡ್ಯೂಟಿಯಲ್ಲಿರುವವರು ಕೇಳುವವು

"ಒಂಡಾನ್ಸೆಟ್ರಾನ್ ಎಷ್ಟರ ತನಕ ಹಾಕಬಹುದು? 32 ಮಿಲಿಗ್ರಾಂ ಗಲಾಟೆ ಏನದು?"

ಈ ಔಷಧಿ ಅಮೆರಿಕದಲ್ಲಿ ಬಂದಿದ್ದು 1991ರಲ್ಲಿ, ಕ್ಯಾನ್ಸರ್ ಕೀಮೋಥೆರಪಿಯ ವಾಂತಿಗೆ. ಆ ಕಾಲದಲ್ಲಿ ಒಂದೇ ಸಲ 32 ಮಿಲಿಗ್ರಾಂ ಡ್ರಿಪ್ ಹಾಕುತ್ತಿದ್ದರು. 2011ರಲ್ಲಿ ಎಫ್‌ಡಿಎ ಕ್ಯೂಟಿ ಅಧ್ಯಯನ ಮಾಡಿ ಅಂತ ಕಂಪನಿಗೆ ಹೇಳಿತು. 2012ರ ಜೂನ್‌ನಲ್ಲಿ ಫಲಿತಾಂಶ ಬಂತು. 32 ಮಿಲಿಗ್ರಾಂಗೆ ಕ್ಯೂಟಿಸಿ ಸರಾಸರಿ 20 ಮಿಲಿಸೆಕೆಂಡ್ ಉದ್ದವಾಯಿತು, 8 ಮಿಲಿಗ್ರಾಂಗೆ 6. ಅಂದಿನಿಂದ ಒಂದು ಸಲಕ್ಕೆ 16 ಮಿಲಿಗ್ರಾಂ ಮೀರಬಾರದು ಅಂತ ನಿಯಮ. ಅದೇ ಡಿಸೆಂಬರ್‌ನಲ್ಲಿ 32ರ ರೆಡಿಮೇಡ್ ಬ್ಯಾಗ್‌ಗಳು ಮಾರುಕಟ್ಟೆಯಿಂದ ಹೋದವು. ಬ್ರಿಟನ್ 2013ರಲ್ಲಿ ಇನ್ನೊಂದು ಸೇರಿಸಿತು: 75 ದಾಟಿದವರಿಗೆ ಮೊದಲ ಡೋಸ್ 8 ಮಿಲಿಗ್ರಾಂ ಮೀರಬಾರದು, ಅದೂ 15 ನಿಮಿಷ ತಗೊಂಡು.

20 ಮಿಲಿಸೆಕೆಂಡ್ ಅಂದರೆ ಇಸಿಜಿ ಕಾಗದದ ಅರ್ಧ ಸಣ್ಣ ಚೌಕ. ಅದನ್ನು ಕಣ್ಣಲ್ಲಿ ಹಿಡಿಯುವುದೇ ಕಷ್ಟ. ನಾವು ಕ್ಯಾಶುವಾಲ್ಟಿಯಲ್ಲಿ ಹಾಕುವ 2 ಎಂಎಲ್ ಆಂಪ್ಯೂಲ್‌ನಲ್ಲಿರುವುದು 4 ಮಿಲಿಗ್ರಾಂ, ಆ ದೊಡ್ಡ ಡೋಸಿನ ಎಂಟನೇ ಒಂದು ಭಾಗ. ಆದರೆ ಹಾಕುವ ವೇಗ ನೋಡಿಕೊಳ್ಳಿ. ಲೇಬಲ್ ಪ್ರಕಾರ 30 ಸೆಕೆಂಡಿಗಿಂತ ಬೇಗ ತಳ್ಳಬಾರದು, ಎರಡರಿಂದ ಐದು ನಿಮಿಷ ತಗೊಂಡರೆ ಒಳ್ಳೆಯದು. ರಾತ್ರಿ ಡ್ಯೂಟಿಯ ಗಡಿಬಿಡಿಯಲ್ಲಿ ಒಂದೇ ಗುಕ್ಕಿಗೆ ತಳ್ಳಿಬಿಡುವುದು ನಮ್ಮೆಲ್ಲರ ಚಾಳಿ. ಲಿವರ್ ತೀರಾ ಕೆಟ್ಟವರಿಗೆ ಇಡೀ ದಿನಕ್ಕೆ 8 ಮಿಲಿಗ್ರಾಂ ಮೀರುವ ಹಾಗಿಲ್ಲ.

"ಹಾಗಾದ್ರೆ ಪ್ರತಿಯೊಬ್ಬರಿಗೂ ಇಸಿಜಿ ಮಾಡಿಯೇ ಹಾಕಬೇಕಾ?"

ಬೇಡ. ಮದುವೆ ಊಟದಲ್ಲಿ ಹೊಟ್ಟೆ ಕೆಟ್ಟು ಬಂದ ಇಪ್ಪತ್ತೈದರ ಹುಡುಗನಿಗೆ, ಬೇರೆ ಮಾತ್ರೆ ಕಾಯಿಲೆ ಏನೂ ಇಲ್ಲದಿದ್ದರೆ, 4 ಮಿಲಿಗ್ರಾಂಗೆ ಇಸಿಜಿ ಕಾಯಬೇಕಾಗಿಲ್ಲ. 65 ದಾಟಿದವರು, ಹೃದಯದ ಕಾಯಿಲೆ ಇರುವವರು, ಬಡಿತ 50ಕ್ಕಿಂತ ಕಡಿಮೆ ಇರುವವರು, ಎಚ್ಚರ ತಪ್ಪಿ ಬಿದ್ದು ಬಂದವರು, ದಿನಗಟ್ಟಲೆ ವಾಂತಿ ಭೇದಿ ಆದವರು, ಡಯಾಲಿಸಿಸ್‌ನವರು, ಕ್ಯೂಟಿ ಎಳೆಯುವ ಮಾತ್ರೆಯಲ್ಲಿರುವವರು: ಇವರಿಗೆ ಮೊದಲು ಇಸಿಜಿ. ಹೆಂಗಸರ ಕ್ಯೂಟಿ ಸಹಜವಾಗಿಯೇ ಸ್ವಲ್ಪ ಉದ್ದ, ಟಾರ್ಸಾಡ್ ಕೂಡ ಅವರಲ್ಲೇ ಜಾಸ್ತಿ. ಅನುಮಾನ ಇದ್ದಾಗ ತಕ್ಕಡಿ ಇಸಿಜಿ ಕಡೆ ವಾಲಲಿ.

"ಮಷೀನ್ ಕ್ಯೂಟಿಸಿ 481 ಅಂತ ಪ್ರಿಂಟ್ ಮಾಡಿದೆ. ಒಂಡಾನ್ಸೆಟ್ರಾನ್ ಬಿಡಬೇಕಾ?"

ಮೊದಲು ಬಡಿತ ಎಷ್ಟಿದೆ ನೋಡಿ. ವಾಂತಿ ಮಾಡಿ ನೀರಿಳಿದು ಬಂದವರ ನಾಡಿ ಓಡುತ್ತಿರುತ್ತದೆ. ಬಹುತೇಕ ಮಷೀನ್‌ಗಳು ಬಳಸುವುದು ಬ್ಯಾಜೆಟ್ ಸೂತ್ರವನ್ನು. ಬಡಿತ ಜೋರಿದ್ದಾಗ ಅದು ಕ್ಯೂಟಿಸಿಯನ್ನು ಉಬ್ಬಿಸಿ ತೋರಿಸುತ್ತದೆ.

ಲೆಕ್ಕ ಹಾಕೋಣ. ಬಡಿತ 120, ಅಂದರೆ ಎರಡು ಬಡಿತದ ನಡುವೆ ಅರ್ಧ ಸೆಕೆಂಡ್. ಅಳೆದ ಕ್ಯೂಟಿ 340. ಬ್ಯಾಜೆಟ್‌ನಲ್ಲಿ ಅರ್ಧದ ವರ್ಗಮೂಲದಿಂದ ಭಾಗಿಸಬೇಕು: 481. ಫ್ರಿಡೆರಿಸಿಯಾ ಸೂತ್ರದಲ್ಲಿ ಘನಮೂಲದಿಂದ: 428. ಅದೇ ರೋಗಿ, ಅದೇ ಕಾಗದ. ಒಂದರ ಪ್ರಕಾರ ಹೆದರಬೇಕು, ಇನ್ನೊಂದರ ಪ್ರಕಾರ ಏನೂ ಇಲ್ಲ. ತಮಾಷೆಯೆಂದರೆ ಎರಡು ಸೂತ್ರಗಳೂ ಬಂದಿದ್ದು 1920ರಲ್ಲೇ. ನೂರು ವರ್ಷವಾದರೂ ಮಷೀನ್‌ಗಳು ಬ್ಯಾಜೆಟನ್ನೇ ಹಿಡಿದುಕೊಂಡಿವೆ. ಫೋನಿನಲ್ಲಿ ಫ್ರಿಡೆರಿಸಿಯಾ ಲೆಕ್ಕ ಹಾಕಲು ಅರ್ಧ ನಿಮಿಷ ಸಾಕು.

ಕೈಯಲ್ಲಿ ಅಳೆಯುವಾಗ ಲೀಡ್ 2 ಅಥವಾ ವಿ5 ನೋಡಿ. ಟಿ ದಿಬ್ಬದ ಇಳಿಜಾರಿಗೆ ಒಂದು ಗೆರೆ ಎಳೆದು ಅದು ತಳ ಮುಟ್ಟುವಲ್ಲಿಗೆ ನಿಲ್ಲಿಸಿ. ಪಕ್ಕದ ಸಣ್ಣ ಯು ಅಲೆಯನ್ನು ಸೇರಿಸಬೇಡಿ. ಆದರೆ ಯು ಎದ್ದು ಕಾಣುತ್ತಿದ್ದರೆ ಪೊಟ್ಯಾಸಿಯಂ ಇಳಿದಿದೆ ಅಂತ ಅದೇ ಹೇಳುತ್ತಿದೆ, ಕೇಳಿಸಿಕೊಳ್ಳಿ. ಬಂಡಲ್ ಬ್ರಾಂಚ್ ಬ್ಲಾಕ್ ಇದ್ದರೆ ಕ್ಯೂಆರ್‌ಎಸ್ (ಆ ಚೂಪು ಗೆರೆ) ಅಗಲವಾಗಿಯೇ ಕ್ಯೂಟಿ ಉದ್ದ ಕಾಣುತ್ತದೆ, ಅದನ್ನು ಕಳೆದು ಯೋಚಿಸಿ.

"ಕ್ಯೂಟಿಸಿ ನಿಜವಾಗ್ಲೂ 510 ಇದೆ, ವಾಂತಿಯೂ ನಿಲ್ತಿಲ್ಲ. ಈಗೇನು ಕೊಡಲಿ?"

ಮೊದಲು ಡ್ರಿಪ್ಸ್, ಪೊಟ್ಯಾಸಿಯಂ, ಮೆಗ್ನೀಸಿಯಂ. ಆಮೇಲೆ ಔಷಧಿಯ ಮಾತು.

ಈ ಹೊತ್ತಿಗೆ ಕೈಯಲ್ಲೇ ಇರುವ ಒಂದು ವಸ್ತು ಇದೆ: ಇಂಜೆಕ್ಷನ್‌ಗೆ ಮುಂಚೆ ಚರ್ಮ ಒರೆಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವ್ಯಾಬ್. ಪ್ಯಾಕೆಟ್ ಹರಿದು ಮೂಗಿನಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಹಿಡಿದು, ಒಂದು ನಿಮಿಷ ಮೀರದಂತೆ ನಿಧಾನವಾಗಿ ಉಸಿರೆಳೆಯಲು ಹೇಳಿ. ಎರಡು ನಿಮಿಷ ಬಿಟ್ಟು ಮತ್ತೆ ಮಾಡಬಹುದು. ನಗಬೇಡಿ. ಟೆಕ್ಸಾಸ್‌ನ ಎಮರ್ಜೆನ್ಸಿಯಲ್ಲಿ ನಡೆದು 2016 ಮತ್ತು 2018ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಇದು ಕೆಲಸ ಮಾಡಿದೆ. ಎರಡನೆಯದರಲ್ಲಿ ಬಾಯಿಂದ ಕೊಟ್ಟ ಒಂಡಾನ್ಸೆಟ್ರಾನ್‌ಗಿಂತ ವಾಕರಿಕೆಯನ್ನು ಚೆನ್ನಾಗಿ ತಗ್ಗಿಸಿತು.

ಡೆಕ್ಸಾಮೆಥಸೋನ್, ಲೊರಾಜೆಪಾಮ್ ಕ್ಯೂಟಿ ಮುಟ್ಟುವುದಿಲ್ಲ. ಆದರೆ ಮೊದಲನೆಯದು ತಡವಾಗಿ ಹಿಡಿಯುತ್ತದೆ ಮತ್ತು ಷುಗರ್ ಏರಿಸುತ್ತದೆ, ಎರಡನೆಯದು ಮಂಪರು ತರುತ್ತದೆ. ಒಂಡಾನ್ಸೆಟ್ರಾನ್‌ನ ಬಳಗದಲ್ಲೇ ಇರುವ ಪಾಲೊನೊಸೆಟ್ರಾನ್ ಕ್ಯೂಟಿಯನ್ನು ಗಣನೀಯವಾಗಿ ಎಳೆಯುವುದಿಲ್ಲ. ಅದೇ ಬಳಗದ ಡೊಲಾಸೆಟ್ರಾನ್ ಇಂಜೆಕ್ಷನ್ ಇದೇ ಕಾರಣಕ್ಕೆ ಅಮೆರಿಕದ ಕೀಮೋ ರೋಗಿಗಳಿಗೆ 2010ರಲ್ಲಿ ನಿಂತಿತು.

ಇನ್ನೊಂದು ವಿಷಯ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 270 ರೋಗಿಗಳಿಗೆ ಒಂಡಾನ್ಸೆಟ್ರಾನ್, ವಾಂತಿಯ ಇನ್ನೊಂದು ಔಷಧಿ ಮೆಟೊಕ್ಲೊಪ್ರಮೈಡ್ ಅಥವಾ ಬರೀ ಸಲೈನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಮೂರೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಥರ ಆರಾಮ ಆಯಿತು. ಡ್ರಿಪ್ಸ್ ಹಾಕಿ ಸ್ವಲ್ಪ ಕಾಯುವುದೂ ಚಿಕಿತ್ಸೆಯೇ.

"ಪೆರಿನಾರ್ಮ್ ಹಾಕಿಬಿಟ್ರೆ ಹಾರ್ಟ್ ಸೇಫ್ ಅಲ್ವಾ ಸರ್?"

ಪೆರಿನಾರ್ಮ್ ಅಂದರೆ ಮೆಟೊಕ್ಲೊಪ್ರಮೈಡ್. ಅದರ ಕ್ಯೂಟಿ ಅಪಾಯ ಒಂಡಾನ್ಸೆಟ್ರಾನ್‌ಗಿಂತ ಕಡಿಮೆ ಅಂತ ಎಣಿಸುತ್ತಾರೆ, ಸೊನ್ನೆ ಅಂತಲ್ಲ. ಅದರ ತೊಂದರೆ ಬೇರೆ ಕಡೆ. ಅದನ್ನು ಹಾಕಿದ ಮೇಲೆ ಚಿಕ್ಕ ವಯಸ್ಸಿನ ಕೆಲವರು ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣು ಮೇಲೆ ಸಿಕ್ಕಿಕೊಂಡು, ನಾಲಿಗೆ ಹೊರಳದೆ ಬರುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ಮೊದಲು ದೇವಸ್ಥಾನಕ್ಕೆ ಹೋಗಿ ಬಂದಿರುವುದೂ ಉಂಟು. ಯುರೋಪ್ 2013ರಲ್ಲಿ ದಿನಕ್ಕೆ 30 ಮಿಲಿಗ್ರಾಂ, ಐದು ದಿನ ಅಂತ ಮಿತಿ ಹಾಕಿತು. ರಕ್ತನಾಳಕ್ಕೆ ಕನಿಷ್ಠ ಮೂರು ನಿಮಿಷ ತಗೊಂಡು ಕೊಡಿ. ಫೆನರ್ಗನ್‌ಗೂ (ಪ್ರೊಮೆಥಜಿನ್) ಸ್ವಲ್ಪ ಕ್ಯೂಟಿ ಅಪಾಯ ಇದೆ. ಅದಕ್ಕಿಂತ ಹೆಚ್ಚಾಗಿ ರಕ್ತನಾಳದ ಹೊರಗೆ ಸೋರಿದರೆ ಆ ಜಾಗವೇ ಕೊಳೆಯಬಹುದು. ಎಫ್‌ಡಿಎ 2009ರಲ್ಲಿ ಅದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಲೇಬಲ್ ಮೇಲಿನ ಅತಿ ಕಟುವಾದ ಎಚ್ಚರಿಕೆ ಹಾಕಿತು.

"ಡ್ರೋಪೆರಿಡಾಲ್ ಬ್ಯಾನ್ ಆಗಿತ್ತಲ್ಲ, ಅಮೆರಿಕದಲ್ಲಿ ಮತ್ತೆ ಯಾಕೆ ಬಳಸ್ತಿದ್ದಾರೆ?"

ಬ್ಯಾನ್ ಆಗಿರಲಿಲ್ಲ. 2001ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿತು: ಮೊದಲು ಇಸಿಜಿ, ಆಮೇಲೆ ಎರಡು ಮೂರು ಗಂಟೆ ಮಾನಿಟರ್. ಮೂವತ್ತು ವರ್ಷ ಬಳಸಿದ ಔಷಧಿಯನ್ನು ಆಸ್ಪತ್ರೆಗಳು ಕಪಾಟಿನಿಂದ ತೆಗೆದವು. ಎಮರ್ಜೆನ್ಸಿ ಡಾಕ್ಟರುಗಳು ಒಪ್ಪಲಿಲ್ಲ. ಎಚ್ಚರಿಕೆಗೆ ಆಧಾರವಾದ ವರದಿಗಳಲ್ಲಿ ಬಹಳಷ್ಟು ದೊಡ್ಡ ಡೋಸಿನವು, ವಾಂತಿಗೆ ಕೊಡುವುದು 0.625ರಿಂದ 2.5 ಮಿಲಿಗ್ರಾಂ ಅಂತ ವಾದಿಸಿದರು. ಆಸ್ಟ್ರೇಲಿಯಾದಲ್ಲಿ ರೇಗಾಡುವ ರೋಗಿಗಳನ್ನು ಶಾಂತ ಮಾಡಲು 10 ಮಿಲಿಗ್ರಾಂ ಮತ್ತು ಮೇಲ್ಪಟ್ಟು ಕೊಟ್ಟ 1009 ಜನರ ಅಧ್ಯಯನ 2015ರಲ್ಲಿ ಬಂತು. 13 ಜನರ ಕ್ಯೂಟಿ ಮಿತಿ ದಾಟಿತ್ತು, ಟಾರ್ಸಾಡ್ ಒಬ್ಬರಿಗೂ ಬರಲಿಲ್ಲ. 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಔಷಧಿ ಮರಳಿತು. ಚೌಕಟ್ಟು ಹಾಗೇ ಇದೆ. ನನಗೆ ಇದರಲ್ಲಿ ಎರಡೂ ಕಡೆ ನ್ಯಾಯ ಕಾಣುತ್ತದೆ. ಆದರೆ ಸಾವಿರ ಜನರಲ್ಲಿ ಕಾಣದ ಅಪಾಯ ಹತ್ತು ಸಾವಿರದಲ್ಲಿ ಕಾಣಬಹುದು ಅನ್ನುವುದನ್ನು ಮರೆಯುವ ಹಾಗಿಲ್ಲ.

"ಕೀಟನಾಶಕ ಕುಡಿದು ಬಂದವರಿಗೆ ವಾಂತಿ ನಿಲ್ಲಿಸಲು ಏನು ಹಾಕಬೇಕು?"

ಕುಡಿದದ್ದು ಆರ್ಗನೊಫಾಸ್ಫೇಟ್ ಬಗೆಯ ಕೀಟನಾಶಕ ಆದರೆ ಆ ವಾಂತಿ ವಿಷದ್ದೇ ಲಕ್ಷಣ. ಅದಕ್ಕೆ ಔಷಧಿ ಅಟ್ರೋಪಿನ್. ವಿಷವೇ ಕ್ಯೂಟಿ ಉದ್ದ ಮಾಡುತ್ತದೆ, ಹಾಗಾಗಿ ಅಭ್ಯಾಸಬಲದಿಂದ ಒಂಡಾನ್ಸೆಟ್ರಾನ್ ಹಾಕುವ ಮುಂಚೆ ಇಸಿಜಿ ನೋಡಿ.

"ಮಾನಿಟರ್‌ನಲ್ಲಿ ಟಾರ್ಸಾಡ್ ಬಂದೇಬಿಟ್ರೆ ಮೊದಲು ಏನು ಮಾಡಲಿ?"

ನಾಡಿ ನೋಡಿ. ಇಲ್ಲದಿದ್ದರೆ ಸಿಪಿಆರ್ ಮತ್ತು ಶಾಕ್. ಸಿಂಕ್ ಬಟನ್ ಆಫ್ ಇರಲಿ. ಈ ಅಲೆಗಳಿಗೆ ಮಷೀನ್ ಸಿಂಕ್ ಆಗಲು ಒದ್ದಾಡುತ್ತದೆ.

ನಾಡಿ ಇದ್ದು, ಬಂದು ಹೋಗುತ್ತಿದ್ದರೆ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ, ಹತ್ತು ಹದಿನೈದು ನಿಮಿಷದಲ್ಲಿ. ರಕ್ತದಲ್ಲಿ ಮೆಗ್ನೀಸಿಯಂ ಸರಿಯಿದ್ದರೂ ಕೊಡಬೇಕು, ರಿಪೋರ್ಟಿಗೆ ಕಾಯಬೇಡಿ. 50 ಪರ್ಸೆಂಟಿನ 2 ಎಂಎಲ್ ಆಂಪ್ಯೂಲ್‌ನಲ್ಲಿ 1 ಗ್ರಾಂ ಇರುತ್ತದೆ, ಎರಡು ಬೇಕು, ಡೈಲ್ಯೂಟ್ ಮಾಡಿ. ಕ್ಯಾಶುವಾಲ್ಟಿ ಟ್ರೇಯಲ್ಲಿ ಸಿಗಲಿಲ್ಲವಾ? ಲೇಬರ್ ವಾರ್ಡಿಗೆ ಓಡಿ. ಎಕ್ಲಾಂಪ್ಸಿಯಾಗೆ (ಬಸುರಿಯರಿಗೆ ಬಿಪಿ ಏರಿ ಬರುವ ಫಿಟ್ಸ್) ಅಂತ ಅಲ್ಲಿ ಇಟ್ಟೇ ಇರುತ್ತಾರೆ. ಪೊಟ್ಯಾಸಿಯಂ ಅನ್ನು 4.5ರಿಂದ 5ರ ನಡುವೆ ತನ್ನಿ. ಬಡಿತ ನಿಧಾನವಾಗಿ, ಒಂದು ಉದ್ದ ವಿರಾಮದ ಬೆನ್ನಿಗೇ ಮತ್ತೆ ಮತ್ತೆ ಬರುತ್ತಿದ್ದರೆ ಪೇಸಿಂಗ್ ಅಥವಾ ಐಸೊಪ್ರೆನಲಿನ್‌ನಿಂದ ಬಡಿತ ಏರಿಸಬೇಕು. ಹುಟ್ಟಿನಿಂದ ಕ್ಯೂಟಿ ಉದ್ದ ಇರುವವರಿಗೆ ಮಾತ್ರ ಐಸೊಪ್ರೆನಲಿನ್ ಬೇಡ.

ಕೈ ಅಮಿಯೊಡಾರೋನ್ ಕಡೆ ಹೋಗುತ್ತದೆ. ತಡೆಯಿರಿ, ಅದೂ ಕ್ಯೂಟಿ ಎಳೆಯುತ್ತದೆ. ಕ್ಯೂಟಿ ಎಳೆಯುವ ಉಳಿದ ಎಲ್ಲ ಔಷಧಿ ನಿಲ್ಲಿಸಿ. ಲಯ ಸರಿಯಾದ ಮೇಲೆ ಡಿಸ್ಚಾರ್ಜ್ ಸಮರಿಯ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಔಷಧಿಯ ಹೆಸರು ಬರೆದು, ಒಂದು ಪ್ರತಿಯನ್ನು ಮನೆಯವರ ಮಾತ್ರೆ ಕವರಿನೊಳಗೇ ಹಾಕಿ ಕೊಡಿ.